ನಿಂತಿರುವ ಹಸುವಿಗೇ ಆಪರೇಷನ್ ಮಾಡಿದರು, ನೋವಾಗಲಿಲ್ಲವೇ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಚಿಂತಾಮಣಿ ತಾಲ್ಲೂಕಿನವರು. ಟೊಮೆಟೊ ಬೆಳೀತೀವಿ, ಜೊತೆಗೆ ಮೂರು ಸೀಮೆ ಹಸು ಇವೆ. ಹೋದ ತಿಂಗಳು ಒಂದು ಹಸು ಮೇವು ಬಿಟ್ಟು, ಹೊಟ್ಟೆ ಉಬ್ಬಿಕೊಂಡು ನಿಂತಿತ್ತು. ಡಾಕ್ಟ್ರು ಮನೆ ಹತ್ತಿರವೇ ಬಂದು ಎಡಪಕ್ಕೆ ಕೊಯ್ದು ಟೊಮೆಟೊ ಕಟ್ಟುವ ಪ್ಲಾಸ್ಟಿಕ್ ದಾರ, ಮಲ್ಚಿಂಗ್ ಶೀಟಿನ ಚೂರು ಎಲ್ಲ ರಾಶಿ ತೆಗೆದರು. ಹಸು ಬದುಕಿತು. ಆದರೆ ಅದಕ್ಕೆ ಪ್ರಜ್ಞೆ ತಪ್ಪಿಸಲೇ ಇಲ್ಲ. ಪಕ್ಕೆಗೆ ಸುಮಾರು ಸಲ ಚುಚ್ಚಿ, ನಿಲ್ಲಿಸಿಕೊಂಡೇ ಮಾಡಿದರು. ಮಧ್ಯೆ ಒಂದೆರಡು ಸಲ ನರಳಿತು. ನನಗೆ ಈಗಲೂ ಆ ಸದ್ದು ಮರೆಯೋಕೆ ಆಗ್ತಿಲ್ಲ. ಮನುಷ್ಯರಿಗೆ ಹೀಗೆ ಮಾಡ್ತಾರಾ? ಆಮೇಲೆ ನೋವಿನ ಇಂಜೆಕ್ಷನ್ ಕೊಟ್ಟು, ಹಾಲು ಡೇರಿಗೆ ಹಾಕಬೇಡಿ ಅಂದರು. ನೋವಿನ ಇಂಜೆಕ್ಷನ್ ಕೊಟ್ಟರೆ ಹಾಲು ಬತ್ತುತ್ತೆ, ಬರೆ ಹಾಕಿಸಿ ಅಂತ ಪಕ್ಕದ ಮನೆಯವರು ಹೇಳ್ತಾರೆ. ಮುಂದಿನ ಸಲ ಆ ಇಂಜೆಕ್ಷನ್ ನಾವೇ ಅಂಗಡಿಯಿಂದ ತಂದು ಹಾಕಬಹುದಾ? ಮನೆಯ ನಾಯಿಗೆ ಕಾಲು ಕುಂಟಿದಾಗ ನಮ್ಮ ಮಾತ್ರೆ ಕೊಡಬಹುದಾ? ಮೂರು ವಾರದ ಹೆಣ್ಣು ಕರು ಇದೆ, ಅದರ ಕೊಂಬು ಸುಡಿಸಬೇಕು. ಅಷ್ಟು ಚಿಕ್ಕ ಕರುಗೂ ಅರಿವಳಿಕೆ ಬೇಕಾ?

ಉತ್ತರ: ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮ ಪ್ರಶ್ನೆಯ ಹಿಂದೆ 'ನಮ್ಮ ಹಸುಗೆ ಅನ್ಯಾಯ ಮಾಡಿಬಿಟ್ವಾ' ಅನ್ನುವ ಸಂಕಟ ಇದೆ. ಹಸುವನ್ನು ಎಚ್ಚರವಾಗಿಯೇ ಇಟ್ಟು, ನಿಲ್ಲಿಸಿಕೊಂಡೇ ಹೊಟ್ಟೆ ಕೊಯ್ಯುವುದು ಔಷಧಿ ಉಳಿಸಲಿಕ್ಕೆ ಮಾಡುವ ಕೆಲಸ ಅಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರೂ ಈ ಆಪರೇಷನ್ನನ್ನು ಬಹುಮಟ್ಟಿಗೆ ಹೀಗೇ ಮಾಡುತ್ತಿದ್ದರು. ಸೀಮೆ ಹಸುವಿನ ಮಟ್ಟಿಗೆ ಇದೇ ಹೆಚ್ಚು ಸುರಕ್ಷಿತ. ನಮ್ಮ ಕಡೆ ದನಗಳಿಗೆ ಅನ್ಯಾಯ ಆಗುತ್ತಿರುವುದು ಆಪರೇಷನ್ ನಡೆಯುವ ಆ ಒಂದು ಗಂಟೆಯಲ್ಲಿ ಅಲ್ಲ. ಅದರ ನಂತರದ ಮೂರು ದಿನಗಳಲ್ಲಿ.

ಪೂರ್ತಿ ಪ್ರಜ್ಞೆ ಯಾಕೆ ತಪ್ಪಿಸುವುದಿಲ್ಲ ಅಂತ ನೋಡೋಣ. ನಿಮ್ಮ ಹಸುವಿನ ಮೊದಲ ಹೊಟ್ಟೆಯಲ್ಲಿ ಸುಮಾರು ನೂರು ಲೀಟರಿನಷ್ಟು ಮೇವು, ನೀರು ಕಲಸಿಕೊಂಡು ಕೂತಿರುತ್ತದೆ. ಅಲ್ಲಿ ಹಗಲೂ ರಾತ್ರಿ ಹುಳಿ ಬರುತ್ತಲೇ ಇರುತ್ತದೆ, ಗ್ಯಾಸ್ ಹುಟ್ಟುತ್ತಲೇ ಇರುತ್ತದೆ. ಹಸು ತೇಗುತ್ತಾ ಅದನ್ನು ಹೊರಗೆ ಹಾಕುತ್ತದೆ. ಹಸುವಿಗೆ ನಿದ್ದೆ ಬರಿಸಬಹುದು, ಆ ಹೊಟ್ಟೆಗೆ ನಿದ್ದೆ ಬರಿಸಲಿಕ್ಕೆ ಆಗುವುದಿಲ್ಲ. ಪ್ರಜ್ಞೆ ತಪ್ಪಿಸಿ ಮಗ್ಗುಲಿಗೆ ಮಲಗಿಸಿದರೆ ತೇಗು ನಿಂತುಹೋಗುತ್ತದೆ. ಗ್ಯಾಸ್ ಹೊರಬೀಳುವ ದಾರಿ ನೀರು-ಮೇವಿನ ಕೆಳಗೆ ಮುಚ್ಚಿಕೊಳ್ಳುತ್ತದೆ. ಹೊಟ್ಟೆ ಉಬ್ಬಿ ಶ್ವಾಸಕೋಶವನ್ನು ಒತ್ತುತ್ತದೆ. ಅದೇ ಹೊತ್ತಿನಲ್ಲಿ ಒಳಗಿನ ಮೇವಿನ ನೀರು ಅನ್ನನಾಳದಿಂದ ಮೇಲೆ ಬಂದು ಶ್ವಾಸನಾಳಕ್ಕೆ ಇಳಿಯಬಹುದು. ಜೊತೆಗೆ ಜೊಲ್ಲು. ದೊಡ್ಡ ಹಸು ದಿನಕ್ಕೆ ನೂರು ಲೀಟರಿಗೂ ಜಾಸ್ತಿ ಜೊಲ್ಲು ಸುರಿಸುತ್ತದೆ. ಎಚ್ಚರವಿದ್ದಾಗ ನುಂಗುತ್ತದೆ, ಪ್ರಜ್ಞೆ ಇಲ್ಲದಾಗ ನುಂಗುವುದಿಲ್ಲ.

ಇದನ್ನೆಲ್ಲ ತಡೆಯಲು ಹಸುವಿನ ಶ್ವಾಸನಾಳಕ್ಕೆ ಕೊಳವೆ ಇಳಿಸಬೇಕು. ಅದಕ್ಕೆ ಡಾಕ್ಟರು ಬಾಯೊಳಗೆ ಮೊಣಕೈವರೆಗೆ ಕೈ ಹಾಕಿ ಬೆರಳಲ್ಲೇ ದಾರಿ ಹುಡುಕಬೇಕಾಗುತ್ತದೆ. ಆಕ್ಸಿಜನ್ ಬೇಕು, ದೊಡ್ಡ ಪ್ರಾಣಿಗೆ ಆಗುವಂಥ ಅರಿವಳಿಕೆ ಮಷೀನು ಬೇಕು, ದಪ್ಪ ಹಾಸಿಗೆ ಬೇಕು. ನಾನೂರು ಐನೂರು ಕೆಜಿ ತೂಕದ ಹಸು ಗಟ್ಟಿ ನೆಲದ ಮೇಲೆ ಎರಡು ಗಂಟೆ ಒಂದೇ ಮಗ್ಗುಲಲ್ಲಿ ಬಿದ್ದಿದ್ದರೆ ಕೆಳಗಿನ ಕಾಲಿನ ನರ, ಸ್ನಾಯು ಅದರ ಭಾರಕ್ಕೇ ನಜ್ಜುಗುಜ್ಜಾಗುತ್ತವೆ. ಆಪರೇಷನ್ ಚೆನ್ನಾಗಿ ಆಗಿ, ಹಸು ಮಾತ್ರ ಮೇಲೇಳದೆ ಹೋಗುವುದು ಹೀಗೆ. ಮೂಳೆ ಮುರಿದಾಗ, ಅಲುಗಾಡಲೇಬಾರದ ಸೂಕ್ಷ್ಮ ಕೆಲಸ ಇದ್ದಾಗ ಈ ಎಲ್ಲ ಅಪಾಯವನ್ನೂ ಲೆಕ್ಕ ಹಾಕಿ ಪೂರ್ತಿ ಅರಿವಳಿಕೆ ಕೊಡುತ್ತಾರೆ. ಅಂಥ ಕೆಲಸಕ್ಕೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಕಡೆಗೆ ಹೋಗಬೇಕಾಗುತ್ತದೆ. ಹೊಟ್ಟೆಯಿಂದ ಪ್ಲಾಸ್ಟಿಕ್ ತೆಗೆಯಲು ಅಷ್ಟೊಂದು ಅಪಾಯ ಮೈಮೇಲೆ ಎಳೆದುಕೊಳ್ಳುವ ಅಗತ್ಯ ಇಲ್ಲ.

ಮನುಷ್ಯರಿಗೆ ಹೀಗೆ ಮಾಡ್ತಾರಾ ಅಂತ ಕೇಳಿದಿರಿ. ಮಾಡುತ್ತಾರೆ. ಸಿಸೇರಿಯನ್ ಆದ ಬಹುಪಾಲು ಹೆಂಗಸರು ಎಚ್ಚರವಾಗೇ ಇರುತ್ತಾರೆ, ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರುತ್ತಾರೆ. ಹಸುವಿನ ಪಕ್ಕೆಗೆ ಕೊಡುವುದೂ ಅದೇ ಜಾತಿಯ ಔಷಧಿ.

ನಿಮ್ಮ ಹಸುಗೆ ಚುಚ್ಚಿದ ಔಷಧಿ ಬಹುಶಃ ಲಿಗ್ನೊಕೇನ್. ಹಲ್ಲಿನ ಡಾಕ್ಟರ ಹತ್ತಿರ ಹೋದವರಿಗೆಲ್ಲ ಇದು ಪರಿಚಯವೇ. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ ಎಂಬ ರಸಾಯನ ವಿಜ್ಞಾನಿ ಮೊದಲು ತಯಾರಿಸಿದ್ದು. ಇಂದಿಗೂ ದನದ ಡಾಕ್ಟರ ಚೀಲದಲ್ಲಿ ಇದಿಲ್ಲದೆ ನಡೆಯುವುದಿಲ್ಲ. ಇದು ಮೆದುಳಿಗೆ ಏನೂ ಮಾಡುವುದಿಲ್ಲ. ನೋವಿನ ಸುದ್ದಿ ಹೊತ್ತು ಹೋಗುವ ನರವನ್ನು ದಾರಿಯಲ್ಲೇ ತಡೆದು ನಿಲ್ಲಿಸುತ್ತದೆ. ಕತ್ತಿ ಚರ್ಮಕ್ಕೆ ತಾಗಿದೆ ಅನ್ನುವ ಸುದ್ದಿ ಮೆದುಳಿಗೆ ಹೋಗುವುದೇ ಇಲ್ಲ.

ಪಕ್ಕೆಗೆ ನೋವು ತಿಳಿಸುವ ಮುಖ್ಯ ನರಗಳು ಮೂರು. ಕೊನೆಯ ಪಕ್ಕೆಲುಬಿನ ಹಿಂದೆ ಒಂದು, ಸೊಂಟದ ಮೊದಲ ಎರಡು ಮೂಳೆಗಳ ಹಿಂದೆ ಎರಡು. ಕೆಲವು ಡಾಕ್ಟರು ಬೆನ್ನೆಲುಬಿನ ಪಕ್ಕದಲ್ಲಿ ಮೂಳೆ ಎಣಿಸಿ, ಉದ್ದ ಸೂಜಿ ಇಳಿಸಿ, ಈ ಮೂರು ನರಗಳನ್ನೇ ಹಿಡಿಯುತ್ತಾರೆ. ಔಷಧಿ ಸರಿಯಾಗಿ ಕೂತಿದೆಯೇ ಅನ್ನುವುದು ಕೈಯಿಟ್ಟರೆ ಗೊತ್ತಾಗುತ್ತದೆ. ಆ ಪಕ್ಕೆಯ ಚರ್ಮ ಇನ್ನೊಂದು ಪಕ್ಕೆಗಿಂತ ಬೆಚ್ಚಗಿರುತ್ತದೆ. ಸ್ನಾಯು ಸಡಿಲವಾಗಿ ಆ ಪಕ್ಕೆ ಹೊರಕ್ಕೆ ಉಬ್ಬಿದಂತೆ ಬೆನ್ನು ಸ್ವಲ್ಪ ಬಾಗುತ್ತದೆ. ನಿಮ್ಮ ಡಾಕ್ಟರು 'ಸುಮಾರು ಸಲ ಚುಚ್ಚಿದರು' ಅಂತ ಬರೆದಿದ್ದೀರಿ. ಅವರು ಬಹುಶಃ ಇನ್ನೊಂದು ವಿಧಾನ ಬಳಸಿದ್ದಾರೆ. ಕೊನೆಯ ಪಕ್ಕೆಲುಬಿನ ಹಿಂದೆ ಮೇಲಿಂದ ಕೆಳಕ್ಕೆ ಒಂದು ಸಾಲು, ಬೆನ್ನೆಲುಬಿನ ಕೆಳಗೆ ಮುಂದಿನಿಂದ ಹಿಂದಕ್ಕೆ ಇನ್ನೊಂದು ಸಾಲು. ಎರಡು ಕಡೆ ಬೇಲಿ ಹಾಕಿದಂತೆ. ಆ ಬೇಲಿಯೊಳಗೆ ಕೊಯ್ದರೆ ಹಸುಗೆ ತಿಳಿಯುವುದಿಲ್ಲ. ಎರಡೂ ಒಳ್ಳೆಯ ವಿಧಾನಗಳೇ.

ಇಲ್ಲಿ ಮುಖ್ಯವಾದದ್ದು ಕಾಯುವುದು. ಚುಚ್ಚಿದ ತಕ್ಷಣ ಮರಗಟ್ಟುವುದಿಲ್ಲ. ಹತ್ತು ಹದಿನೈದು ನಿಮಿಷ ಬಿಟ್ಟು, ಸೂಜಿ ತುದಿಯಿಂದ ಅಲ್ಲಲ್ಲಿ ಚುಚ್ಚಿ ನೋಡಬೇಕು. ಚರ್ಮ ಅದುರಿದರೆ, ಹಸು ಪಕ್ಕಕ್ಕೆ ಸರಿದರೆ ಇನ್ನೂ ಆಗಿಲ್ಲ ಅಂತ. ಅರಿವಳಿಕೆ ಸರಿಯಾಗಲಿಲ್ಲ ಅಂತ ದೂರು ಬರುವ ಕಡೆಯೆಲ್ಲ ಸಾಮಾನ್ಯವಾಗಿ ನಡೆದಿರುವುದು ಆತುರ. ಡಾಕ್ಟರಿಗೆ ಇನ್ನೂ ನಾಲ್ಕು ಹಳ್ಳಿ ಇರುತ್ತದೆ, ಮನೆಯವರು 'ಬೇಗ ಮಾಡಿ ಸಾರ್, ಹಸು ಹೋಗ್ಬಿಡುತ್ತೆ' ಅಂತ ಅವಸರ ಮಾಡುತ್ತಿರುತ್ತಾರೆ. ಆ ಹದಿನೈದು ನಿಮಿಷವನ್ನು ದಯವಿಟ್ಟು ಡಾಕ್ಟರಿಗೆ ಕೊಡಿ. ಬಿಸಿನೀರು ಕಾಯಿಸಿ, ಹಸುವಿನ ತಲೆ ಹಿಡಿದು ಮಾತಾಡಿಸಿ, ಸುತ್ತ ನಿಂತ ಜನರನ್ನು ಆಚೆ ಕಳಿಸಿ.

ಹಾಗಾದರೆ ಅದು ಯಾಕೆ ನರಳಿತು? ಇದಕ್ಕೆ ನಾನು ಪ್ರಾಮಾಣಿಕ ಉತ್ತರ ಕೊಡಬೇಕು. ಪಕ್ಕೆಯ ಚರ್ಮ, ಸ್ನಾಯು, ಹೊಟ್ಟೆಯ ಒಳಪೊರೆ ಇವಿಷ್ಟೂ ಆ ಇಂಜೆಕ್ಷನ್ನಿಗೆ ಮರಗಟ್ಟುತ್ತವೆ. ಒಳಗಿನ ಹೊಟ್ಟೆಗೆ ಬೇರೆ ನರಗಳಿವೆ, ಅವಕ್ಕೆ ಈ ಔಷಧಿ ತಲುಪುವುದಿಲ್ಲ. ಒಳಗಿನ ಹೊಟ್ಟೆಯನ್ನು ಕತ್ತಿಯಲ್ಲಿ ಕೊಯ್ದರೆ ಅದಕ್ಕೆ ಅಷ್ಟು ಗೊತ್ತಾಗುವುದಿಲ್ಲ. ಆದರೆ ಜಗ್ಗಿದರೆ, ಹಿಗ್ಗಿಸಿದರೆ ಗೊತ್ತಾಗುತ್ತದೆ. ಕೈ ಹಾಕಿ ಗಂಟುಗಟ್ಟಿದ ದಾರವನ್ನು ಎಳೆಯುವಾಗ ಹೊಟ್ಟೆ ಜಗ್ಗಿರುತ್ತದೆ. ನೀವು ಕೇಳಿದ ನರಳಾಟ ಆ ಕ್ಷಣದ್ದೇ ಇರಬೇಕು. ಟೊಮೆಟೊ ದಾರ ಒಂದಕ್ಕೊಂದು ಸುತ್ತಿಕೊಂಡು ಹಗ್ಗದ ಉಂಡೆಯಂತಾಗಿರುತ್ತದೆ, ಒಂದೇ ಸಲಕ್ಕೆ ಬರುವುದಿಲ್ಲ. ಮೆಲ್ಲಗೆ, ಬಿಡಿಬಿಡಿಯಾಗಿ ತೆಗೆಯುವುದು, ಮೊದಲೇ ನೋವಿನ ಇಂಜೆಕ್ಷನ್ ಕೊಟ್ಟಿರುವುದು, ಬೇಕಾದರೆ ಸ್ವಲ್ಪ ಮಂಪರು ಕೊಡುವುದು. ಇವು ಅದನ್ನು ಕಡಿಮೆ ಮಾಡುತ್ತವೆ. ಪೂರ್ತಿ ಇಲ್ಲದಂತೆ ಮಾಡುತ್ತವೆ ಅಂತ ಹೇಳಿದರೆ ಸುಳ್ಳಾಗುತ್ತದೆ.

ಮಂಪರು ಅಂದೆ, ಅದರ ಬಗ್ಗೆ ಒಂದು ಎಚ್ಚರಿಕೆ. ದನಗಳಿಗೆ ಸಾಮಾನ್ಯವಾಗಿ ಕೊಡುವುದು ಜೈಲಜಿನ್. ಕುದುರೆಗೆ ಬೇಕಾಗುವುದರ ಹತ್ತನೇ ಒಂದು ಭಾಗಕ್ಕೇ ಹಸು ತಲೆ ಇಳಿಬಿಟ್ಟು ಜೊಲ್ಲು ಸುರಿಸುತ್ತಾ ನಿಲ್ಲುತ್ತದೆ. ಸ್ವಲ್ಪ ಹೆಚ್ಚಾದರೆ ಮಲಗಿಬಿಡುತ್ತದೆ. ಮಲಗಿದರೆ ಮೇಲೆ ಹೇಳಿದ ಹೊಟ್ಟೆ ಉಬ್ಬರದ ಕಷ್ಟವೆಲ್ಲ ಶುರು. ತುಂಬು ಗಬ್ಬದ ಹಸುಗೆ ಕೊಟ್ಟರೆ ಗರ್ಭಕೋಶ ಹಿಂಡಿ ಕರು ಅವಧಿಗೆ ಮುಂಚೆ ಬೀಳುವ ಅಪಾಯ ಇದೆ. ಹಾಗಾಗಿ ಹಸು ಎಷ್ಟು ತಿಂಗಳ ಗಬ್ಬ ಅನ್ನುವುದನ್ನು ಡಾಕ್ಟರು ಕೇಳುವ ಮುಂಚೆಯೇ ಹೇಳಿಬಿಡಿ. ಮಂಪರಿನಲ್ಲಿರುವ ಹಸುವನ್ನು ಬಿಸಿಲಿಗೆ ಬಿಡಬೇಡಿ, ಆಗ ಅದಕ್ಕೆ ಮೈ ಬಿಸಿ ಹತೋಟಿಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಮಲಗಿದ್ದರೆ ಅಡ್ಡ ಬೀಳದ ಹಾಗೆ ಎದೆಯ ಮೇಲೆ ಕೂರಿಸಿ, ಎರಡೂ ಪಕ್ಕ ಹುಲ್ಲಿನ ಮೂಟೆ ಒತ್ತು ಕೊಡಿ. ಪೂರ್ತಿ ಎಚ್ಚರವಾಗಿ ನುಂಗಲು ಶುರುಮಾಡುವವರೆಗೆ ನೀರು, ಮೇವು ಇಡಬೇಡಿ.

ಇನ್ನೊಂದು ಮಾತು. ಸುಮ್ಮನೆ ನಿಂತಿದೆ ಅಂದರೆ ನೋವಿಲ್ಲ ಅಂತ ಅಲ್ಲ. ಹಗ್ಗ ಹಾಕಿ ಕೆಡವಿದ ಹೋರಿ ಅಲುಗುವುದಿಲ್ಲ, ಯಾಕೆಂದರೆ ಅಲುಗಲು ಆಗುವುದಿಲ್ಲ. ಬರೀ ಮಂಪರು ಕೊಟ್ಟ ಹಸುವೂ ಅಷ್ಟೇ, ಕೊಯ್ಯುವ ನೋವಿಗೆ ಮಂಪರೊಂದೇ ಸಾಲದು. ನಮ್ಮ ಜಿಲ್ಲೆಗಳಲ್ಲಿ ಹಳ್ಳಿಕಾರ್ ಹೋರಿಗಳ ಬೀಜ ಒಡೆಸುವಾಗ ಎಷ್ಟೋ ಕಡೆ ಇವತ್ತಿಗೂ ಹಗ್ಗವೊಂದೇ ಅರಿವಳಿಕೆ. ಸಿದ್ಧಗಂಗೆ ಜಾತ್ರೆಗೆ ಒಂದು ಜೊತೆ ಎತ್ತನ್ನು ಮೈ ತೀಡಿ, ಕೊಂಬಿಗೆ ಬಣ್ಣ ಬಳಿದು, ಮಕ್ಕಳಂತೆ ಸಿಂಗರಿಸಿ ಕರೆದೊಯ್ಯುವ ಜನ ನಾವು. ಅದೇ ಎತ್ತಿಗೆ ಇಕ್ಕಳ ಹಾಕುವಾಗ ಲಿಗ್ನೊಕೇನ್ ಕೇಳಬೇಕು ಅಂತ ನಮಗೆ ಹೊಳೆಯುವುದಿಲ್ಲ. ಇದು ನನಗೆ ತುಂಬಾ ಬೇಸರ ತರುವ ವಿಷಯ. ಬೀಜದ ನರಕ್ಕೆ ಇಂಜೆಕ್ಷನ್ ಕೊಟ್ಟು ಹತ್ತು ನಿಮಿಷ ಕಾದರೆ ಆ ಹಿಂಸೆ ಎಷ್ಟೋ ಕಡಿಮೆಯಾಗುತ್ತದೆ. ದುಬಾರಿ ಔಷಧಿಯೂ ಅಲ್ಲ.

ಈಗ ನಾನು ಮೊದಲು ಹೇಳಿದ ಆ ಮೂರು ದಿನಗಳಿಗೆ ಬರೋಣ. ಲಿಗ್ನೊಕೇನ್ ಕೆಲಸ ಮಾಡುವುದು ಒಂದರಿಂದ ಎರಡು ಗಂಟೆ ಅಷ್ಟೇ. ಡಾಕ್ಟರು ಹೊಲಿಗೆ ಹಾಕಿ, ಕೈ ತೊಳೆದು, ಕಾಫಿ ಕುಡಿದು ಹೊರಡುವ ಹೊತ್ತಿಗೆ ಮರಗಟ್ಟಿದ್ದ ಪಕ್ಕೆ ಎಚ್ಚರವಾಗುತ್ತಿರುತ್ತದೆ. ಗಾಯದ ಬಾವು ಶುರುವಾಗುವುದೂ ಆಗಲೇ. ಎರಡು ಗಂಟೆಯ ಔಷಧಿಯಿಂದ ಮೂರು ದಿನದ ನೋವು ಹೋಗುವುದಿಲ್ಲ. ಅದಕ್ಕೆ ಬಾವು ಇಳಿಸಿ ನೋವು ಕಳೆಯುವ ಬೇರೆ ಔಷಧಿ ಬೇಕು. ಹಸುವಿಗೆ ಸಾಮಾನ್ಯವಾಗಿ ಮೆಲಾಕ್ಸಿಕಾಮ್ ಕೊಡುತ್ತಾರೆ. ಹಸುವಿನ ಮೈಯಲ್ಲಿ ಅದು ನಿಧಾನವಾಗಿ ಕರಗುವುದರಿಂದ ಒಂದು ಇಂಜೆಕ್ಷನ್ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಅದನ್ನು ಆಪರೇಷನ್ ಮುಗಿದ ಮೇಲೆ ಕೊಡುವುದಕ್ಕಿಂತ ಕೊಯ್ಯುವ ಮುಂಚೆ ಕೊಟ್ಟರೆ ಇನ್ನೂ ಒಳ್ಳೆಯದು. ನೋವಿನ ಸುದ್ದಿ ಒಮ್ಮೆ ಮೆದುಳಿಗೆ ಹರಿದು ನರಗಳೆಲ್ಲ ಕೆರಳಿ ನಿಂತ ಮೇಲೆ ಸಮಾಧಾನ ಮಾಡುವುದು ಕಷ್ಟ. ಕೆರಳುವ ಮುಂಚೆಯೇ ತಡೆದರೆ ಕಡಿಮೆ ಔಷಧಿಯಲ್ಲಿ ಆಗುತ್ತದೆ. ನಿಮ್ಮ ಡಾಕ್ಟರು ಅದನ್ನು ಕೊಟ್ಟಿದ್ದಾರೆ, ಹಾಲಿನ ಎಚ್ಚರಿಕೆಯನ್ನೂ ಹೇಳಿದ್ದಾರೆ. ಅಂಥವರನ್ನು ಬಿಡಬೇಡಿ.

ಎಲ್ಲ ಕಡೆ ಹೀಗಾಗುವುದಿಲ್ಲ. ಆಂಟಿಬಯೋಟಿಕ್ ಇಂಜೆಕ್ಷನ್ ಐದು ದಿನ ತಪ್ಪದೆ ಹಾಕಿಸುತ್ತಾರೆ, ನೋವಿನ ಇಂಜೆಕ್ಷನ್ ಒಂದೂ ಇರುವುದಿಲ್ಲ. 'ದನ ಅಲ್ವಾ, ತಡ್ಕೊಳ್ಳುತ್ತೆ' ಅನ್ನುವ ಮಾತು ಬಂದುಬಿಡುತ್ತದೆ. ತಡೆದುಕೊಳ್ಳುವುದಿಲ್ಲ, ತೋರಿಸಿಕೊಳ್ಳುವುದಿಲ್ಲ. ಹುಲಿ ಚಿರತೆಗಳ ಮುಂದೆ ಬದುಕಿ ಬಂದ ಜಾತಿ ಅದು, ಕುಂಟಿದರೆ ನರಳಿದರೆ ಮೊದಲು ತಾನೇ ಬಲಿಯಾಗುತ್ತಿತ್ತು. ನೋವನ್ನು ಬಚ್ಚಿಡುವುದು ಅದರ ರಕ್ತದಲ್ಲೇ ಇದೆ. ನೋವು ಹೊರುವ ನರಗಳು ನಮಗೆ ಹೇಗೋ ಅದಕ್ಕೂ ಹಾಗೆಯೇ ಇವೆ.

ಹಾಗಾಗಿ ನೀವು ಕೊಟ್ಟಿಗೆಗೆ ಹೋಗಿ ಸುಮ್ನೆ ಐದು ನಿಮಿಷ ದೂರ ನಿಂತು ನೋಡಬೇಕು. ಹತ್ತಿರ ಹೋದರೆ ಅದು ನಿಮ್ಮನ್ನು ನೋಡಿ ಎಚ್ಚರವಾಗಿಬಿಡುತ್ತದೆ. ಕಿವಿ ನೋಡಿ. ಆರಾಮಾಗಿದ್ದರೆ ಸದ್ದು ಬಂದ ಕಡೆಗೆಲ್ಲ ತಿರುಗುತ್ತಿರುತ್ತವೆ, ನೋವಿದ್ದರೆ ಹಿಂದಕ್ಕೆ ಅಥವಾ ಕೆಳಕ್ಕೆ ಜೋತುಬಿದ್ದಿರುತ್ತವೆ. ಕಣ್ಣಿನ ಮೇಲೆ ಗೆರೆ ಮೂಡಿರುತ್ತದೆ, ಮೂಗಿನ ಹೊಳ್ಳೆ ಬಿಗಿದಿರುತ್ತದೆ. ಬೆನ್ನು ಬಿಲ್ಲಿನಂತೆ ಬಾಗಿರುತ್ತದೆ. ಹಲ್ಲು ಕಡಿಯುವ ಕಟಕಟ ಸದ್ದು ಕೇಳಿದರೆ ಅದನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬೇಡಿ. ಎಲ್ಲಕ್ಕಿಂತ ಚೆನ್ನಾಗಿ ತಿಳಿಸುವುದು ಮೆಲುಕು. ಆರೋಗ್ಯವಾಗಿರುವ ಹಸು ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುತ್ತದೆ. ಒಂದು ತುತ್ತನ್ನು ನಲವತ್ತರಿಂದ ಎಪ್ಪತ್ತು ಸಲ ಅಗಿದು ನುಂಗಿ, ಇನ್ನೊಂದನ್ನು ತರುತ್ತದೆ. ನೀವೇ ಎಣಿಸಿ ನೋಡಿ. ಇಪ್ಪತ್ತು ಸಲಕ್ಕೇ ನಿಲ್ಲಿಸುತ್ತಿದ್ದರೆ, ಅಥವಾ ಎರಡನೇ ದಿನವೂ ಮೆಲುಕೇ ಶುರುವಾಗದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. 'ಹಸು ಮಂಕಾಗಿದೆ' ಅನ್ನುವುದಕ್ಕಿಂತ 'ಮೆಲುಕು ಹಾಕುತ್ತಿಲ್ಲ, ಹಲ್ಲು ಕಡಿಯುತ್ತಿದೆ' ಅಂದರೆ ಅವರಿಗೆ ಅರ್ಧ ರೋಗ ಫೋನಲ್ಲೇ ತಿಳಿಯುತ್ತದೆ. ಅವರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ, ಪಶು ಸಂಜೀವಿನಿ ಗಾಡಿ ಬರುತ್ತದೆ.

ಪಕ್ಕದ ಮನೆಯವರ ಮಾತು ತಿರುವುಮುರುವಾಗಿದೆ. ಹಾಲು ಬತ್ತಿಸುವುದು ನೋವು, ನೋವಿನ ಔಷಧಿ ಅಲ್ಲ. ನೋವಿರುವ ಹಸು ಮೇಯುವುದಿಲ್ಲ, ನೀರು ಕಡಿಮೆ ಕುಡಿಯುತ್ತದೆ, ಮಲಗಲು ಹೆದರಿ ನಿಂತೇ ಇರುತ್ತದೆ. ಹಾಲು ಎಲ್ಲಿಂದ ಬರಬೇಕು? ಬರೆ ಹಾಕಿಸುವುದಂತೂ ಬೇಡವೇ ಬೇಡ. ಬರೆ ಹಾಕಿದ ಮೇಲೆ ಹಸು ಹಳೆಯ ನೋವು ಮರೆತಂತೆ ಕಾಣುತ್ತದೆ, ಸುಟ್ಟಗಾಯದ ಉರಿ ಅದಕ್ಕಿಂತ ಜೋರಾಗಿರುತ್ತದೆ ಅಷ್ಟೇ. ಆಮೇಲೆ ಅಲ್ಲಿ ಕೀವು, ಹುಳ. ಒಂದು ನೋವಿದ್ದ ಹಸುಗೆ ಎರಡಾಗುತ್ತದೆ.

ಅಂಗಡಿಯಿಂದ ನೀವೇ ತಂದು ಹಾಕಬಹುದಾ ಅಂದರೆ, ಬೇಡ. 'ಡಾಕ್ಟರನ್ನೇ ಕರೀರಿ' ಅಂತ ಸುಮ್ಮನೆ ಹೇಳುವ ಮಾತಲ್ಲ ಇದು, ಕಾರಣ ಇದೆ. ನೀರು ಕುಡಿಯದೆ ಒಣಗಿದ ಹಸುಗೆ ಈ ಔಷಧಿಗಳು ಕಿಡ್ನಿಗೆ ಹೊಡೆತ ಕೊಡುತ್ತವೆ. ಒಂದರ ಮೇಲೆ ಒಂದು ನೋವಿನ ಔಷಧಿ ಕೊಟ್ಟರೆ, ಅಥವಾ ಇದರ ಜೊತೆ ಸ್ಟೀರಾಯ್ಡ್ ಸೇರಿದರೆ ಹೊಟ್ಟೆಯೊಳಗೆ ಹುಣ್ಣಾಗಿ ಸಗಣಿ ಕಪ್ಪು ಟಾರಿನಂತೆ ಬರುತ್ತದೆ. ಕರು ಹಾಕುವ ಹೊತ್ತಿಗೆ ಫ್ಲುನಿಕ್ಸಿನ್‌ನಂಥ ಔಷಧಿ ಕೊಟ್ಟರೆ ಮಾಸು ಬೀಳುವುದು ತಡವಾಗಬಹುದು. ಇದನ್ನೆಲ್ಲ ನೋಡಿ ತೂಗಿ ಕೊಡಬೇಕಾದ್ದು.

ಇನ್ನೊಂದು ಕಾರಣ ರಾಮನಗರದ ರಾಮದೇವರ ಬೆಟ್ಟದಲ್ಲಿದೆ. ಅಲ್ಲಿನ ರಣಹದ್ದುಗಳಿಗಾಗಿಯೇ ಸರ್ಕಾರ 2012ರಲ್ಲಿ ಆ ಬೆಟ್ಟವನ್ನು ವನ್ಯಧಾಮ ಮಾಡಿತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ, ಸತ್ತ ದನವನ್ನು ಊರಾಚೆ ಹಾಕಿದರೆ ಹದ್ದುಗಳು ಬಂದಿಳಿಯುತ್ತಿದ್ದವು ಅಂತ ಹೇಳುತ್ತಾರೆ. ಈಗ ಎಲ್ಲಿವೆ? ದೇಶದಲ್ಲಿ ಮೂರು ಜಾತಿಯ ರಣಹದ್ದುಗಳು ಹದಿನೈದು ವರ್ಷಗಳ ಅಂತರದಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ನಾಶವಾದವು. ಅದಕ್ಕೆ ಮುಖ್ಯ ಕಾರಣ ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಇಂಜೆಕ್ಷನ್. ಆ ಔಷಧಿ ಮೈಯಲ್ಲಿದ್ದಾಗ ಸತ್ತ ದನವನ್ನು ತಿಂದ ಹದ್ದಿನ ಕಿಡ್ನಿ ಕೆಲವೇ ದಿನಗಳಲ್ಲಿ ನಿಂತುಹೋಗುತ್ತಿತ್ತು. 2006ರಲ್ಲಿ ಪ್ರಾಣಿಗಳ ಬಳಕೆಗೆ ಅದನ್ನು ನಿಷೇಧಿಸಿದರು. ಆದರೆ ಮನುಷ್ಯರಿಗೆಂದು ಬರುವ ದೊಡ್ಡ ಬಾಟಲಿ ಕೊಟ್ಟಿಗೆಗೆ ಬರುವುದು ನಿಲ್ಲಲಿಲ್ಲ. ಕೊನೆಗೆ 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನೂ 3 ಮಿಲಿಯ ಚಿಕ್ಕ ಸೀಸೆಗೆ ಇಳಿಸಿದರು. 2023ರಲ್ಲಿ ಕೀಟೋಪ್ರೊಫೆನ್, ಅಸಿಕ್ಲೋಫೆನಾಕ್‌ಗಳನ್ನೂ, ಆಮೇಲೆ ನಿಮೆಸುಲೈಡನ್ನೂ ಪ್ರಾಣಿಗಳಿಗೆ ಕೊಡಬಾರದು ಅಂತ ಆಯಿತು. ಹದ್ದುಗಳಿಗೆ ತೊಂದರೆ ಮಾಡದ ಔಷಧಿಗಳು ಇವೆ. ಮೆಲಾಕ್ಸಿಕಾಮ್ ಒಂದು, ಟಾಲ್ಫೆನಾಮಿಕ್ ಆಸಿಡ್ ಇನ್ನೊಂದು. ಯಾರೇ ಇಂಜೆಕ್ಷನ್ ಹಾಕಲು ಬಂದರೂ ಸೀಸೆಯ ಹೆಸರು ಓದಿ, ಅಥವಾ ಫೋಟೋ ತೆಗೆದಿಟ್ಟುಕೊಳ್ಳಿ. ಡೈಕ್ಲೋ ಅಂತ ಇದ್ದರೆ ಬೇಡ ಅನ್ನಿ. ಹಾಗೆ ಹೇಳುವ ಹಕ್ಕು ನಿಮಗಿದೆ.

ಹಾಲಿನ ವಿಷಯಕ್ಕೆ ಡಾಕ್ಟರು ಹೇಳಿದ್ದನ್ನು ಪಾಲಿಸಿ. ಔಷಧಿ ಹಾಲಿನಲ್ಲಿ ಇಳಿದುಬರುತ್ತದೆ. ಎಷ್ಟು ದಿನ ಅನ್ನುವುದು ಔಷಧಿಯ ಮೇಲೆ ಹೋಗುತ್ತದೆ. ಮೆಲಾಕ್ಸಿಕಾಮ್‌ಗೆ ಯುರೋಪಿನಲ್ಲಿ ಐದು ದಿನ ಅಂತ ಇಟ್ಟಿದ್ದಾರೆ. ಜೊತೆಗೆ ಆಂಟಿಬಯೋಟಿಕ್ ಇದ್ದರೆ ಎರಡರಲ್ಲಿ ಯಾವುದು ಹೆಚ್ಚು ದಿನವೋ ಅಷ್ಟು. ಕಷ್ಟದಲ್ಲಿರುವಾಗ ಹಾಲು ಚೆಲ್ಲುವುದು ಹೊಟ್ಟೆ ಉರಿಸುತ್ತದೆ, ನನಗೆ ಗೊತ್ತು. ಆದರೆ ಡೇರಿ ಕ್ಯಾನಿಗೆ ಬಿದ್ದ ಆ ಹಾಲು ಯಾರದೋ ಮನೆಯ ಮಗುವಿನ ಲೋಟಕ್ಕೆ ಹೋಗುತ್ತದೆ.

ನಾಯಿಗೆ ನಿಮ್ಮ ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಬೆಕ್ಕಿಗಂತೂ ಪ್ಯಾರಸಿಟಮಾಲ್ ವಿಷವೇ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ಒಂದೇ ಮಾತ್ರೆಗೆ ಸಾಯಬಹುದು. ನಾಯಿ ಬೆಕ್ಕುಗಳಿಗೆಂದೇ ನೋವಿನ ಔಷಧಿಗಳಿವೆ, ಅವನ್ನೇ ಕೇಳಿ ಬರೆಸಿಕೊಳ್ಳಿ.

ಕೊನೆಗೆ ನಿಮ್ಮ ಕರು. ಚಿಕ್ಕದಾದ್ದರಿಂದ ನೋವು ಕಡಿಮೆ ಅನ್ನುವುದು ತಪ್ಪು ತಿಳಿವಳಿಕೆ. ಮೂರು ವಾರದ ಕರುಗೆ ಕಾದ ಕಬ್ಬಿಣದ ಉರಿ ಪೂರ್ತಿ ಗೊತ್ತಾಗುತ್ತದೆ. ಆದರೆ ನೀವು ಈ ವಯಸ್ಸಿನಲ್ಲಿ ಮಾಡಿಸಲು ಹೊರಟಿದ್ದೀರಲ್ಲ, ಅದು ಒಳ್ಳೆಯದೇ. ಎರಡು ತಿಂಗಳು ದಾಟಿದರೆ ಕೊಂಬಿನ ಮೊಗ್ಗು ತಲೆಬುರುಡೆಗೆ ಅಂಟಿಕೊಳ್ಳುತ್ತದೆ. ಆಮೇಲೆ ಅದು ಸುಡುವ ಕೆಲಸವಾಗಿ ಉಳಿಯುವುದಿಲ್ಲ, ಕತ್ತರಿಸುವ ಕೆಲಸವಾಗುತ್ತದೆ.

ಕಣ್ಣಿನ ಹೊರಮೂಲೆಗೂ ಕೊಂಬಿನ ಮೊಗ್ಗಿಗೂ ನಡುವೆ ಬೆರಳಿಟ್ಟು ನೋಡಿ, ಮೂಳೆಯ ಏಣು ಸಿಗುತ್ತದೆ. ಕೊಂಬಿಗೆ ಹೋಗುವ ನರ ಅದರ ಕೆಳಗೇ ಇದೆ. ಡಾಕ್ಟರು ಅಲ್ಲಿ ಎರಡೂ ಕಡೆ ಲಿಗ್ನೊಕೇನ್ ಕೊಟ್ಟು, ಐದು ಹತ್ತು ನಿಮಿಷ ಕಾದು, ಮೊಗ್ಗಿನ ಸುತ್ತ ಚುಚ್ಚಿ ನೋಡಿ, ಆಮೇಲೆ ಸುಡಬೇಕು. ಸುಡುವಾಗ ಕರು ಒದ್ದಾಡಿ ಕೂಗಿದರೆ ನಿಲ್ಲಿಸಿ ಅಂತ ಹೇಳಿ, ಇಂಜೆಕ್ಷನ್ ಸರಿಯಾಗಿ ಕೂತಿಲ್ಲ. ಮೇಕೆ ಸಾಕುವ ನಿಮ್ಮ ನೆಂಟರು ಯಾರಾದರೂ ಇದನ್ನು ಓದಿ ತಮ್ಮ ಮರಿಗಳಿಗೂ ಹೀಗೇ ಮಾಡಿಸಲು ಹೋಗಬಾರದು. ಮೇಕೆಯ ಕೊಂಬಿಗೆ ಎರಡು ನರ ಇದೆ, ಬುರುಡೆ ತೆಳು, ಸ್ವಲ್ಪ ಹೆಚ್ಚು ಹೊತ್ತು ಸುಟ್ಟರೂ ಮೆದುಳಿಗೆ ಬಿಸಿ ತಾಗುತ್ತದೆ. ಲಿಗ್ನೊಕೇನ್ ವಿಷವಾಗುವುದೂ ಮೇಕೆಮರಿಗೆ ಬೇಗ. ನಾಲ್ಕು ಕೆಜಿ ಮರಿಗೆ ಮಾಮೂಲಿ ಎರಡು ಪರ್ಸೆಂಟ್ ಔಷಧಿ ಎಲ್ಲ ಸೇರಿ 1 ಮಿಲಿ ಆಸುಪಾಸು ಮಿತಿ. ಅದನ್ನು ನೀರಾಗಿಸಿ ಹಂಚಿ ಕೊಡುವುದು ಗೊತ್ತಿರುವವರೇ ಮಾಡಬೇಕು.

ಕರುವಿನ ವಿಷಯದಲ್ಲೂ ಎರಡು ಗಂಟೆಯ ಲೆಕ್ಕ ಅದೇ. ಲಿಗ್ನೊಕೇನ್ ಇಳಿದ ಮೇಲೆ ಸುಟ್ಟ ನೋವು ಏಳುತ್ತದೆ. ಹಾಗಾಗಿ ಸುಡುವ ಮುಂಚೆಯೇ ಮೆಲಾಕ್ಸಿಕಾಮ್ ಕೂಡ ಕೊಡಿ ಅಂತ ಬಾಯಿಬಿಟ್ಟು ಕೇಳಿ. ಕೊಟ್ಟ ಕರು ಸಾಯಂಕಾಲಕ್ಕೆ ಹಾಲು ಕುಡಿಯುತ್ತದೆ. ಕೊಡದ ಕರು ತಲೆ ಒದರುತ್ತಾ, ಕಿವಿ ಬಡಿಯುತ್ತಾ, ಹಿಂಗಾಲಲ್ಲಿ ಗಾಯ ಕೆರೆಯಲು ನೋಡುತ್ತಾ ಮೂಲೆಯಲ್ಲಿ ನಿಂತಿರುತ್ತದೆ. ಬೆಳಿಗ್ಗೆ ತಂಪು ಹೊತ್ತಿನಲ್ಲಿ ಮಾಡಿಸಿ. ಗಾಯ ಪೂರ್ತಿ ಮಾಯಲು ವಾರಗಟ್ಟಲೆ ಬೇಕು. ಅಲ್ಲಿಯವರೆಗೆ ನೊಣ ಕೂರದಂತೆ ಡಾಕ್ಟರು ಕೊಟ್ಟ ಮುಲಾಮು ಹಚ್ಚಿ, ಮಳೆಗೆ ಬಿಡಬೇಡಿ. ಗಾಯದಿಂದ ಕೀವು ಬಂದರೆ, ವಾಸನೆ ಬಂದರೆ, ಅಥವಾ ಕರು ಎರಡು ಹೊತ್ತು ಹಾಲು ಬಿಟ್ಟರೆ ಮರುದಿನದವರೆಗೆ ಕಾಯದೆ ತೋರಿಸಿ.